ಆಮೆಮರಿಗೆ ಬೇಕಾದದ್ದು ಹಸಿ, ಕೆಸರಲ್ಲ

ಅಂಗೈಯಲ್ಲಿ ಕೂರುವ ಸುಲ್ಕಾಟಾ ಆಮೆಮರಿಯನ್ನು ತಂದು ಮೀನಿನ ಗಾಜಿನ ತೊಟ್ಟಿಗೆ ಬಿಡುವವರನ್ನು ಹುಬ್ಬಳ್ಳಿಯಲ್ಲೂ ಧಾರವಾಡದಲ್ಲೂ ನೋಡಿದ್ದೇನೆ. ಕೆಲವೇ ತಿಂಗಳಲ್ಲಿ ಬೆನ್ನಿನ ಒಂದೊಂದು ಬಿಲ್ಲೆಯೂ ದಿಣ್ಣೆಯಾಗಿ ಏಳುತ್ತದೆ. ಹಾಗೆ ಎದ್ದದ್ದು ಮತ್ತೆ ಇಳಿಯುವುದಿಲ್ಲ. ‘ಸಹಾರಾದ ಪ್ರಾಣಿ, ಒಣಗಿದ್ದರೇ ಒಳ್ಳೆಯದು’ ಎಂಬ ಅಂಗಡಿಯವರ ಮಾತನ್ನು ನಂಬಿದ್ದರ ಫಲವಿದು. ಸಹಾರಾದ ದಕ್ಷಿಣ ಅಂಚಿನ ಈ ಆಮೆ ಸುಡುವ ಹೊತ್ತನ್ನು ಕಳೆಯುವುದು ನೆಲದೊಳಗಿನ ಬಿಲದಲ್ಲಿ. ಅಲ್ಲಿನ ಗಾಳಿ ಹೊರಗಿನಷ್ಟು ಒಣಗಿರುವುದಿಲ್ಲ. ದಿಣ್ಣೆ ಏಳಲು ಆಹಾರದ ಪ್ರೋಟೀನ್‌ಗಿಂತ ಒಣಹವೆಯೇ ಹೆಚ್ಚು ಕಾರಣ ಎಂದು ಇದೇ ಜಾತಿಯ ಮರಿಗಳ ಮೇಲೆ ವಿಯೆನ್ನಾದಲ್ಲಿ ನಡೆದ ಅಧ್ಯಯನವೊಂದು 2003ರಲ್ಲೇ ತೋರಿಸಿದೆ.

ಮೊದಲು ಕಾಗದಪತ್ರ

ನಮ್ಮ ನಕ್ಷತ್ರ ಆಮೆಯನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ; ಯಾರು ಕೊಟ್ಟರೂ ತರಬೇಡಿ. ಸುಲ್ಕಾಟಾ ವಿದೇಶಿ ತಳಿಯಾದರೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಆಗಲೇಬೇಕು. ರಸೀದಿ ಕೊಡದವನ ಬಳಿ ಕೊಳ್ಳಬೇಡಿ.

ಮರಿಯ ಮನೆ

ಮೂರು ಅಡಿ ಉದ್ದದ, ಮುಚ್ಚಳವಿರುವ ಅಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಸಾಕು. ಗಾಜು ಬೇಡ, ಆಚೆ ಕಾಣುವ ಕಡೆಗೆಲ್ಲ ಮರಿ ದಿನವಿಡೀ ಹಾಯುತ್ತಲೇ ಇರುತ್ತದೆ. ಒಂದು ತುದಿಯಲ್ಲಿ 35 ಡಿಗ್ರಿ ಬಿಸಿ ಕೊಡುವ ದೀಪ, ಜೊತೆಗೆ ಯುವಿಬಿ (ಬಿಸಿಲಿನಲ್ಲಿರುವ ಒಂದು ಬಗೆಯ ಅತಿನೇರಳೆ ಕಿರಣ) ಕೊಡುವ ಟ್ಯೂಬ್. ಕಿಟಕಿಯ ಗಾಜು ಯುವಿಬಿಯನ್ನು ತಡೆಯುವುದರಿಂದ ಒಳಗೆ ಬರುವ ಬಿಸಿಲನ್ನು ಲೆಕ್ಕಕ್ಕೆ ಹಿಡಿಯಬೇಡಿ. ‘ಬಿಸಿ ಕಲ್ಲು’ ಎಂದು ಮಾರುವ ವಿದ್ಯುತ್ ಸಾಮಾನು ಹೊಟ್ಟೆಯ ಚಿಪ್ಪನ್ನು ಸುಡುತ್ತದೆ, ಪುಕ್ಕಟೆ ಕೊಟ್ಟರೂ ಬೇಡ.

ಎಲ್ಲರೂ ಎಡವುವುದು ಇಲ್ಲಿ

ನೆಲಕ್ಕೆ ನಾಲ್ಕು ಬೆರಳು ದಪ್ಪ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಹಾಸಿ. ಎರೆಮಣ್ಣು ಬೇಡವೇ ಬೇಡ: ಹಸಿಯಾದರೆ ಕಾಲಿಗೆ ಮೆತ್ತುತ್ತದೆ, ಒಣಗಿದರೆ ಬಿರಿಯುತ್ತದೆ. ಇನ್ನು ನೀರು. ಮೇಲಿನಿಂದ ಚಿಮುಕಿಸಿದರೆ ಮೇಲ್ಪದರ ಒದ್ದೆಯಾಗಿ ಹೊಟ್ಟೆಯ ಚಿಪ್ಪು ಕೊಳೆಯಲು ಶುರುವಾಗುತ್ತದೆ. ಇತ್ತ ಗಾಳಿಯ ತೇವ ಗಂಟೆಯೊಳಗೆ ಹಾರಿಹೋಗಿರುತ್ತದೆ. ಅದಕ್ಕೇ ನಾಲ್ಕು ಮೂಲೆಗಳಲ್ಲಿ ನಿಧಾನವಾಗಿ ಸುರಿದು, ನೀರು ತಳ ಸೇರಲು ಬಿಡಿ. ತಳದಿಂದ ಒಂದು ಹಿಡಿ ಎತ್ತಿ ಹಿಂಡಿ ನೋಡಿ. ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ಹನಿ ಬೀಳಬಾರದು; ಬಿತ್ತನೆಗೆ ಬಂದ ಹೊಲದ ಹದವೇ ಇಲ್ಲಿಯೂ ಸರಿ. ಮುಚ್ಚಳದ ಮುಕ್ಕಾಲು ಭಾಗ ಮುಚ್ಚಿಯೇ ಇರಲಿ.

ಡಬ್ಬಿಯೊಳಗಿನ ತೇವಾಂಶ ಶೇ 80ರ ಆಸುಪಾಸಿನಲ್ಲಿರಬೇಕು. ಅಗ್ಗದ ಮುಳ್ಳಿನ ಮಾಪಕ ಕೊಳ್ಳುವುದೂ ಒಂದೇ, ಬಿಡುವುದೂ ಒಂದೇ. ಡಿಜಿಟಲ್ ಮಾಪಕವನ್ನೂ ಕಣ್ಣುಮುಚ್ಚಿ ನಂಬಬೇಡಿ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗದೆ ಒದ್ದೆಯಾಗುವಷ್ಟೇ ನೀರು ಹನಿಸಿ, ಮಾಪಕದ ಜೊತೆ ಗಾಳಿಯಾಡದ ಚೀಲದಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ 75 ತೋರಿಸಬೇಕು. 68 ತೋರಿಸಿದರೆ ಮುಂದೆ ಪ್ರತಿ ಸಲವೂ 7 ಕೂಡಿಸಿಕೊಳ್ಳಿ.

ಮಾರ್ಚ್, ಏಪ್ರಿಲ್‌ನಲ್ಲಿ, ಅದರಲ್ಲೂ ಗದಗಿನ ಒಣಗಾಳಿಯಲ್ಲಿ, ತಳಕ್ಕೆ ನೀರು ಹೆಚ್ಚು ಸಲ ಬೇಕಾಗುತ್ತದೆ. ಧಾರವಾಡದ ಜುಲೈ ಬೇರೆಯದೇ ಪೇಚು. ಜಿಟಿಜಿಟಿ ಮಳೆಯಲ್ಲಿ ತೇವ ತಾನಾಗಿಯೇ ಬರುತ್ತದೆ, ಬಿಸಿ ಹೋಗುತ್ತದೆ. ತೇವದ ಜೊತೆ ತಂಪು ಸೇರಿತೆಂದರೆ ಮೂಗು ಸೋರಿ, ನ್ಯುಮೋನಿಯಾವರೆಗೂ ಹೋಗುತ್ತದೆ. ಆದ್ದರಿಂದ ರಾತ್ರಿಯೂ 26 ಡಿಗ್ರಿಗಿಂತ ಕೆಳಗೆ ಇಳಿಯದಂತೆ ಥರ್ಮೋಸ್ಟಾಟ್ ಇರುವ ಸೆರಾಮಿಕ್ ಹೀಟರ್ ಹಾಕಿ. ಕರೆಂಟು ಹೋದರೆ ಡಬ್ಬಿಗೆ ಕಂಬಳಿ ಹೊದಿಸಿ, ಆದರೆ ಕರೆಂಟು ಬಂದ ಕೂಡಲೇ ತೆಗೆಯಿರಿ. ದೀಪದ ಮೇಲೆ ಬಟ್ಟೆ ಉಳಿದರೆ ಬೆಂಕಿ.

ದಿನಕ್ಕೊಮ್ಮೆ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ಕೂರಿಸಿ. ನೀರು ಗದ್ದ ಮುಟ್ಟಿದರೆ ಸಾಕು.

ಬೆಳೆದ ಮೇಲೆ

ಈ ಆಮೆ 40 ಕಿಲೋ ದಾಟಬಲ್ಲದು, ಹಲವು ದಶಕ ಬದುಕಬಲ್ಲದು. ಅಪಾರ್ಟ್‌ಮೆಂಟಿನಲ್ಲಿ ಇರುವವರು ತರಲೇಬಾರದು. ಅಂಗಳವಿದ್ದರೆ ಎರಡು ಅಡಿ ಎತ್ತರದ ಸಿಮೆಂಟ್ ಬ್ಲಾಕಿನ ಗೋಡೆ ಕಟ್ಟಿ, ಬುನಾದಿಯನ್ನೂ ಎರಡು ಅಡಿ ಆಳಕ್ಕೆ ಇಳಿಸಿ. ತಂತಿಜಾಲರಿಯನ್ನು ಇದು ನುಗ್ಗಿಯೇ ಬೀಳಿಸುತ್ತದೆ. ಎರೆಭೂಮಿಯಲ್ಲಿ ಬಿಲ ಮಳೆಗೆ ಕುಸಿಯುವುದರಿಂದ ಅಗೆಯುವ ಜಾಗಕ್ಕೆ ಮಸಾರಿ ಮಣ್ಣು ತುಂಬಿಸಿ. ರಾತ್ರಿಗೆ ಒಳಗೆ ಥರ್ಮಾಕೋಲ್ ಹಾಳೆ ಕೂರಿಸಿದ ಹಲಗೆಯ ಪೆಟ್ಟಿಗೆ ಬೇಕು. ಆ ಹಾಳೆಯ ಮೇಲೂ ಹಲಗೆ ಹೊಡೆಸಿ, ಇಲ್ಲದಿದ್ದರೆ ಆಮೆ ಥರ್ಮಾಕೋಲನ್ನೇ ತಿನ್ನುತ್ತದೆ. ಬಾಗಿಲನ್ನು ಈಗಿನ ಆಮೆಯ ಅಳತೆಗೆ ಕೊರೆಸಬೇಡಿ. ಎರಡು ಅಡಿ ಅಗಲ ಇರಲಿ.