ತಾಬೋ ಮಠ: ಹತ್ತುವ ದಾರಿ, ನೋಡುವ ಬಗೆ

ತಾಬೋದ ಬೌದ್ಧ ಮಠ ನೋಡಲು ಹಿಮಾಚಲದ ಸ್ಪಿತಿ ಕಣಿವೆಗೆ ಮೊದಲ ಸಲ ಹೋಗುವವರು ಮನಾಲಿ ಕಡೆಯಿಂದ ಹತ್ತಬೇಡಿ. ಮನಾಲಿ ಸುಮಾರು 2,050 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಒಂದೇ ದಿನದಲ್ಲಿ 4,500 ಮೀಟರ್ ಮೀರಿದ ಕುಂಜುಮ್ ಪಾಸ್ ದಾಟಿ, ರಾತ್ರಿ 3,600 ಮೀಟರ್ ಮೀರಿದ ಕಾಜಾದಲ್ಲಿ ಮಲಗಿದರೆ ತಲೆಸಿಡಿತ, ವಾಂತಿ, ನಿದ್ದೆಗೇಡು ಬಹಳ ಜನರಿಗೆ ತಪ್ಪಿದ್ದಲ್ಲ. ನಾನು ಹಿಡಿಯುವುದು ಶಿಮ್ಲಾ–ಕಿನ್ನೌರ್ ದಾರಿ. ಮೊದಲ ರಾತ್ರಿ ನಾರ್ಕಂಡಾ, ಆಮೇಲೆ ಕಲ್ಪಾದಲ್ಲಿ ಎರಡು ರಾತ್ರಿ, ನಾಲ್ಕನೆಯದು ತಾಬೋ, 3,280 ಮೀಟರ್. ನಡುವೆ ಸಿಗುವ ನಾಕೋ ತಾಬೋಗಿಂತ ಎತ್ತರದಲ್ಲಿದೆ. ಅಲ್ಲಿ ಊಟ ಮಾಡಿ ಕೆರೆ ನೋಡಿ ಇಳಿಯುತ್ತೇನೆ, ಮಲಗುವುದಿಲ್ಲ. ಲೆಕ್ಕಕ್ಕೆ ಬರುವುದು ಹಗಲು ಎಷ್ಟು ಹತ್ತಿದಿರಿ ಎಂಬುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎಂಬುದು. ಎತ್ತರದ ಕಾಯಿಲೆ ತಡೆಯುವ ಡೈಯಾಮಾಕ್ಸ್ ಮಾತ್ರೆ ಬೇಕೆನಿಸಿದರೆ ಊರಲ್ಲೇ ವೈದ್ಯರನ್ನು ಕೇಳಿ. ಸಲ್ಫಾ ಅಲರ್ಜಿ ಇದ್ದರೆ ಮೊದಲೇ ಹೇಳಿ.

ಭಾರತೀಯರಿಗೆ ಪರ್ಮಿಟ್ ಬೇಡ, ಗುರುತಿನ ಚೀಟಿ ಸಾಕು. ನಗದನ್ನು ಕಲ್ಪಾದ ಕೆಳಗಿನ ಪಟ್ಟಣ ರೆಕಾಂಗ್ ಪಿಯೋದಲ್ಲೇ ತೆಗೆದುಕೊಳ್ಳಿ, ಕಾಜಾದ ಎಟಿಎಂ ನಂಬಿ ಕೂರಬೇಡಿ. ಪಿಯೋದಿಂದ ಕಾಜಾಕ್ಕೆ ಹೋಗುವ ಸರ್ಕಾರಿ ಬಸ್ಸು ಬೆಳಿಗ್ಗೆ ಬೇಗ ಹೊರಡುತ್ತದೆ, ತಾಬೋ ಮೇಲೇ ಹೋಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಕಿನ್ನೌರ್‌ನಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವುದು ಮಾಮೂಲು. ಜೂನ್ ಅಥವಾ ಸೆಪ್ಟೆಂಬರ್ ಒಳ್ಳೆಯದು, ಆಗಲೂ ಎರಡು ದಿನ ಕೈಯಲ್ಲಿರಲಿ.

ತಾಬೋ ಮಠ ಕಟ್ಟಿದ್ದು ಕ್ರಿ.ಶ. 996ರಲ್ಲಿ. ಹೊರಗಿನಿಂದ ಬರೀ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ. ಬೈಲಕುಪ್ಪೆಯ ಸ್ವರ್ಣ ದೇವಾಲಯದ ಹೊಳಪು ಕಣ್ಣಲ್ಲಿಟ್ಟುಕೊಂಡು ಬಂದವರು ಹತ್ತು ನಿಮಿಷಕ್ಕೆ ಹೊರಬಂದುಬಿಡುತ್ತಾರೆ. ನನಗೆ ಅದು ನಿಜವಾಗಿ ಸಂಕಟ. ಬಿಸಿಲಿನಿಂದ ನೇರ ಒಳಗೆ ಹೋದ ಕಣ್ಣಿಗೆ ಕತ್ತಲೆ ಬಿಟ್ಟು ಏನೂ ಕಾಣದು. ಸಭಾಂಗಣದಲ್ಲಿ ಕಾಲು ಗಂಟೆ ಸುಮ್ಮನೆ ಕುಳಿತುಕೊಳ್ಳಿ. ಆಮೇಲೆ ಗೋಡೆಯುದ್ದಕ್ಕೂ ಆಳೆತ್ತರದಲ್ಲಿ ಹೊರಚಾಚಿರುವ ಮಣ್ಣಿನ ಮೂರ್ತಿಗಳು, ನಡುವೆ ನಾಲ್ಕು ದಿಕ್ಕಿಗೆ ಮುಖಮಾಡಿದ ವೈರೋಚನ ಬುದ್ಧ ಒಂದೊಂದಾಗಿ ಮೂಡುತ್ತವೆ. ಅವೆಲ್ಲ ಸೇರಿ ಒಂದು ಮಂಡಲ, ಅಂದರೆ ನಡುವಿನ ಬುದ್ಧನ ಸುತ್ತ ದೇವತೆಗಳನ್ನು ಜೋಡಿಸಿದ ವಿನ್ಯಾಸ; ನೀವು ಕುಳಿತಿರುವುದು ಅದರೊಳಗೆ.

ಎದ್ದು ಪ್ರದಕ್ಷಿಣೆಯಾಗಿ ನಡೆಯಿರಿ. ಮೂರ್ತಿಗಳ ಕೆಳಗಿನ ಚಿತ್ರಪಟ್ಟಿಯಲ್ಲಿ ಒಂದು ಕಡೆ ಸುಧನನೆಂಬ ಹುಡುಗ ಗುರುವಿನಿಂದ ಗುರುವಿಗೆ ಅಲೆಯುವ, ಗಂಡವ್ಯೂಹವೆಂಬ ಬೌದ್ಧ ಸೂತ್ರದ ಕಥೆ, ಇನ್ನೊಂದು ಕಡೆ ಬುದ್ಧನ ಬದುಕು. ಇಲ್ಲಿ ಕಾಶ್ಮೀರದ ಕುಂಚದ ಗುರುತು ಸ್ಪಷ್ಟ: ಸಣ್ಣ ನಡು, ಬಟ್ಟೆಯ ಮೇಲಿನ ನವಿರಾದ ಹೂಬಳ್ಳಿ. ಈ ಪಟ್ಟಿಗೇ ಒಂದು ಗಂಟೆ ಕೊಡಿ.

ಫೋಟೋ ನಿಷಿದ್ಧ. ಸಣ್ಣ ಟಾರ್ಚ್ ಒಯ್ಯಿರಿ, ಲಾಮಾ ಅವರನ್ನು ಕೇಳಿಯೇ ಹಚ್ಚಿ. ಬೆನ್ನಚೀಲ ಹೊರಗೇ ಇಡಿ. ಬಣ್ಣ ಕುಳಿತಿರುವುದು ಮಣ್ಣಿನ ಗಿಲಾವಿನ ಮೇಲೆ, ಚೀಲ ಒಮ್ಮೆ ಸವರಿದರೂ ಉದುರುತ್ತದೆ. ಗೋಡೆಯಲ್ಲಿ ನೀರು ಇಳಿದ ಗೆರೆಗಳೂ ಕಾಣುತ್ತವೆ: ಮಳೆಯೇ ಅಪರೂಪವಾದ ಸೀಮೆಗೆಂದು ಹಾಕಿದ ಮಣ್ಣಿನ ಮಾಳಿಗೆ ಜೋರು ಮಳೆ ತಾಳದು.

ಮರುದಿನ ಬೆಳಿಗ್ಗೆ ಇನ್ನೊಮ್ಮೆ ಒಳಗೆ ಹೋಗಿ, ಆಮೇಲೆ 47 ಕಿ.ಮೀ. ಆಚೆಯ ಕಾಜಾಕ್ಕೆ ಹೊರಡಿ. 4,166 ಮೀಟರಿನ ಕೀ ಮಠವನ್ನು ಕಾಜಾದಲ್ಲಿ ಒಂದು ರಾತ್ರಿ ಕಳೆದ ಮೇಲೆ ಇಟ್ಟುಕೊಳ್ಳಿ.