ಕರಾರು ಮುಗಿದರೂ ಮನೆ ಬಿಡದಿದ್ದಾಗ: ನನ್ನ ಅನುಭವ

ಧಾರವಾಡದ ಸಪ್ತಾಪುರದಲ್ಲಿ ನಮ್ಮ ಮೇಲಿನ ಮನೆಯ 11 ತಿಂಗಳ ಕರಾರು ಮುಗಿದರೂ ಬಾಡಿಗೆಯವರು ಖಾಲಿ ಮಾಡಲಿಲ್ಲ. ಕೇಳಿದಾಗಲೆಲ್ಲ "ಮುಂದಿನ ತಿಂಗಳು ನೋಡೋಣ್ರೀ" ಅನ್ನುತ್ತಿದ್ದರು. ಕರೆಂಟ್ ತೆಗೆಸಿ, ಬೀಗ ಹಾಕಿ ಅಂದವರೇ ಜಾಸ್ತಿ. ಮಕ್ಕಳಿರುವ ಮನೆಗೆ ಹಾಗೆ ಮಾಡುವುದು ಅನ್ಯಾಯ ಅಲ್ವಾ?

ವಕೀಲರು ಒಂದು ಮುಖ್ಯ ವಿಷಯ ಹೇಳಿದರು. ಅವಧಿ ಮುಗಿದ ಮೇಲೂ ಸುಮ್ನೆ ಬಾಡಿಗೆ ತಗೊಳ್ಳುತ್ತಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಅದು ತಿಂಗಳ ಬಾಡಿಗೆಯಾಗಿ ಮುಂದುವರಿಯುತ್ತದೆ. ಅದನ್ನು ಮುಗಿಸಲು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ 15 ದಿನಗಳ ಲಿಖಿತ ನೋಟಿಸ್ ಕೊಡಬೇಕು. ಸಹಿ ಹಾಕಿ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಂಡೆ.

ಆಮೇಲೆ ಮೇಲೆ ಹೋಗಿ ಕೂತು ಮಾತಾಡಿದೆ. ಡಿಪಾಸಿಟ್ ವಾಪಸ್ ಬರಲ್ಲ ಅನ್ನುವುದೇ ಅವರ ಭಯ! ಕೀಲಿ ಕೊಟ್ಟ ದಿನವೇ ಕೊಡುತ್ತೇನೆ ಅಂತ ಬರೆದುಕೊಟ್ಟೆ. ಮೀಟರ್ ರೀಡಿಂಗ್ ನೋಡಿ, ಬಿಲ್ ಕಳೆದು, ಉಳಿದಿದ್ದನ್ನು ಅವರ ಖಾತೆಗೆ ಹಾಕಿದೆ. ನೋಟಿಸಿನ ಗಡುವಿನೊಳಗೇ ಮನೆ ಖಾಲಿಯಾಯಿತು.