ಡಿಲೀಟ್ ಮಾಡಿಸುವ ಮುಂಚೆ ಒಂದು ಗಂಟೆ

"ಮೊದಲು ಆ ಅಕೌಂಟ್ ಡಿಲೀಟ್ ಮಾಡಿಸಿ ಸರ್." ಅವರು ಬಂದು ಕೂತ ಕೂಡಲೇ ಹೇಳಿದ್ದು ಇಷ್ಟೇ. ಅವರ ಹೆಸರು, ಫೋಟೊ ಹಾಕಿಕೊಂಡು ಯಾರೋ ಇನ್‌ಸ್ಟಾಗ್ರಾಂನಲ್ಲಿ ನಕಲಿ ಖಾತೆ ತೆರೆದಿದ್ದರು. ಅಪ್ಪನಿಗೆ ಆಪರೇಷನ್, ಅರ್ಜೆಂಟಾಗಿ ಹಣ ಬೇಕು ಅಂತ ಗೆಳೆಯರಿಗೆಲ್ಲ ಮೆಸೇಜ್ ಹೋಗಿತ್ತು. ನಾಲ್ಕು ಜನ ಕಳಿಸಿಯೂ ಬಿಟ್ಟಿದ್ದರು.

ಇಂಥ ಪ್ರಕರಣಗಳಲ್ಲಿ ಡಿಜಿಟಲ್ ಸಾಕ್ಷ್ಯ ಕಲೆಹಾಕಿ ಪೊಲೀಸರಿಗೆ ಕೊಡುವುದು ನನ್ನ ಕೆಲಸ. "ಒಂದು ಗಂಟೆ ತಡೀರಿ ಮೇಡಂ" ಅಂದೆ. ಖಾತೆ ಹೋದರೆ ಕಳ್ಳನ ಹೆಜ್ಜೆ ಗುರುತೂ ನಮ್ಮ ಕಣ್ಣಿಂದ ಹೋಗುತ್ತದೆ.

ಮೊದಲು ಪ್ರೊಫೈಲಿನ ಲಿಂಕ್, ಅದರ ಹಿಂದಿರುವ ಅಂಕಿಗಳ ಐಡಿ ಬರೆದುಕೊಂಡೆ. ಯೂಸರ್‌ನೇಮ್ ಬೇಕಾದಾಗ ಬದಲಿಸಬಹುದು, ಆ ಅಂಕಿ ಬದಲಾಗುವುದಿಲ್ಲ. ಆಮೇಲೆ ಲಿಂಕ್ ಮತ್ತು ಸಮಯ ಎರಡೂ ಕಾಣುವಂತೆ ಸ್ಕ್ರೀನ್‌ಶಾಟ್‌ಗಳು. ಪ್ರತಿ ಫೈಲಿಗೂ ಎಸ್‌ಎಚ್‌ಎ-256 ಹ್ಯಾಶ್, ಅಂದರೆ ಫೈಲಿನ ಬೆರಳಚ್ಚಿನಂಥದ್ದು, ತೆಗೆದೆ. 64 ಅಕ್ಷರಗಳ ಸಾಲು ಅದು. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಇಡೀ ಸಾಲೇ ಬೇರೆಯಾಗುತ್ತದೆ. ಇದು ಮುಗಿದ ಮೇಲೆ ಪೊಲೀಸರಿಂದ ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿಗೆ ಪತ್ರ ಹೋಯಿತು. ಕಾನೂನು ಪ್ರಕಾರ ಆದೇಶ ಬರುವ ತನಕ ಅವರು ಖಾತೆಯ ದಾಖಲೆಗಳನ್ನು 90 ದಿನ ತೆಗೆದಿಡುತ್ತಾರೆ. ಅದಾದ ಮೇಲೆಯೇ ಖಾತೆಯನ್ನು ರಿಪೋರ್ಟ್ ಮಾಡಿಸಿದೆ.

ಅಪ್ಪನ ಆಪರೇಷನ್ ವಿಷಯ ಅವನಿಗೆ ಹೇಗೆ ಗೊತ್ತಾಯಿತು? ಇವರೇ ಹಾಕಿದ ಆಸ್ಪತ್ರೆಯ ಫೋಟೊದಿಂದ. ಹಣ ಕಳೆದುಕೊಂಡ ನಾಲ್ವರೂ ಆ ಫೋಟೊದ ಕೆಳಗೆ ಕಾಮೆಂಟ್ ಹಾಕಿದವರೇ. ಯಾರಿಗೆ ಇವರ ಮೇಲೆ ಕರುಳು ಜಾಸ್ತಿ ಅಂತ ಕಳ್ಳ ಹುಡುಕಬೇಕಾಗಿಯೇ ಇರಲಿಲ್ಲ, ಅಲ್ವಾ?

ಫೋಟೊ ಒಳಗೆ ಲೊಕೇಶನ್ ಇರುತ್ತದಲ್ಲ ಅಂತ ಎಲ್ಲರೂ ಕೇಳುತ್ತಾರೆ. ಅಪ್‌ಲೋಡ್ ಆಗುವಾಗಲೇ ಹೆಚ್ಚಿನ ಸೋಶಿಯಲ್ ಮೀಡಿಯಾ ತಾಣಗಳು ಅದನ್ನು ಅಳಿಸಿಬಿಡುತ್ತವೆ. ಇಲ್ಲೂ ಏನೂ ಸಿಗಲಿಲ್ಲ.

ಸಿಕ್ಕಿದ್ದು ಬೇರೆ ಕಡೆ. ಅವರ ಗೆಳತಿಯೊಬ್ಬರು ಅನುಮಾನ ಬಂದು ಮೊದಲ ದಿನವೇ ಒಂದು ಸ್ಕ್ರೀನ್‌ಶಾಟ್ ತೆಗೆದಿದ್ದರು. ಆಗ ನಕಲಿ ಖಾತೆಗೆ ಮೂರೇ ಫಾಲೋವರ್ಸ್. ಹೊಸ ಖಾತೆ ಬರೀ ಖಾಲಿ ಕಾಣಬಾರದು ಅಂತ ಇಂಥವರು ತಮ್ಮದೇ ಬೇರೆ ಖಾತೆಗಳಿಂದ ಫಾಲೋ ಮಾಡುವುದುಂಟು. ಎರಡು ಡಮ್ಮಿ. ಮೂರನೆಯದು ಹಳೇ ಫೋನ್ ಮಾರುವ ಒಂದು ಪೇಜ್. ಇದು ಬರೀ ಸುಳಿವು, ಸಾಕ್ಷಿಯಲ್ಲ. ಹಾಗಾಗಿ ಮೆಟಾದಿಂದ ಬರಬೇಕಿದ್ದ ಲಾಗಿನ್ ದಾಖಲೆಗೆ ಕಾದೆವು.

ದಾಖಲೆ ಬಂದಾಗ ನಾನೇ ಎಡವಿದೆ. ಅದರಲ್ಲಿದ್ದ ಸಮಯ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಅಂತಾರಾಷ್ಟ್ರೀಯ ಸಮಯ. ನಾನು ಸ್ಥಳೀಯ ಸಮಯ ಅಂತ ಓದಿಕೊಂಡೆ. ಒಂದೇ ಐಪಿ ವಿಳಾಸವನ್ನು (ಇಂಟರ್ನೆಟ್ಟಿನಲ್ಲಿ ಸಂಪರ್ಕಕ್ಕೆ ಸಿಗುವ ಅಂಕಿಗಳ ವಿಳಾಸ) ಒಂದೇ ಹೊತ್ತಿಗೆ ನೂರಾರು ಮೊಬೈಲ್ ಬಳಸುತ್ತಿರಬಹುದು. ಅವುಗಳಲ್ಲಿ ಒಂದನ್ನು ಗುರುತಿಸಲು, ಆ ವಿಳಾಸದೊಳಗೆ ಪ್ರತಿ ಸಂಪರ್ಕಕ್ಕೂ ಸಿಗುವ ಪೋರ್ಟ್ ನಂಬರ್ ಮತ್ತು ಸೆಕೆಂಡ್ ತನಕ ಸರಿಯಾದ ಸಮಯ ಬೇಕು. ನಾನು ತೆಗೆದ ಲೆಕ್ಕದಲ್ಲಿ ಸಂಬಂಧವೇ ಇಲ್ಲದ ಒಬ್ಬರ ಹೆಸರು ಬಂತು. "ಇದು ಯಾವ ಟೈಮು?" ಅಂತ ಸಹೋದ್ಯೋಗಿ ಸುಮ್ನೆ ಕೇಳಿದ್ದಕ್ಕೆ ಬಚಾವ್. ಅರ್ಧ ದಿನ ಆ ಹೆಸರು ನನ್ನ ನೋಟ್‌ಬುಕ್ಕಿನಲ್ಲಿತ್ತು, ಹೊರಗೆ ಹೋಗಿರಲಿಲ್ಲ. ಸಮಯ ಸರಿಪಡಿಸಿದ ಮೇಲೆ ದಾರಿ ನೇರವಾಗಿ ಆ ಫೋನ್ ಮಾರುವವನ ಕಡೆಗೇ ಹೋಯಿತು.

ಅಷ್ಟರಲ್ಲಿ ಇವರ ಬಳಗ ತಮ್ಮದೇ ತನಿಖೆ ನಡೆಸಿತ್ತು. ಒಂದು ಡಮ್ಮಿ ಖಾತೆಯಲ್ಲಿದ್ದ ಹುಡುಗನ ಫೋಟೊ ತೆಗೆದು "ಇವನೇ ಕಳ್ಳ, ಶೇರ್ ಮಾಡಿ" ಅಂತ ಗ್ರೂಪುಗಳಿಗೆ ಹಾಕಿದ್ದರು. ಆ ಫೋಟೊ ಕೂಡ ಕದ್ದದ್ದೇ! 2013ರಲ್ಲಿ ಬಾಸ್ಟನ್ ಮ್ಯಾರಥಾನ್ ಬಾಂಬ್ ಸ್ಫೋಟವಾದಾಗ ರೆಡ್ಡಿಟ್ ಎಂಬ ಚರ್ಚಾ ತಾಣದಲ್ಲಿ ಹೀಗೇ ಒಬ್ಬ ಅಮಾಯಕ ವಿದ್ಯಾರ್ಥಿಯ ಕಡೆ ಬೆರಳು ತೋರಿಸಿದ್ದರು. ಆಮೇಲೆ ರೆಡ್ಡಿಟ್ ಕ್ಷಮೆ ಕೇಳಿತು. ನಮ್ಮ ಹುಡುಗನಿಗೆ ಕ್ಷಮೆ ಕೇಳಲು ಯಾರೂ ಇಲ್ಲ, ಏಕೆಂದರೆ ಮೊದಲು ಹಾಕಿದವರು ತಕ್ಷಣ ಅಳಿಸಿಬಿಟ್ಟರು.

ಅಸಲಿ ಆರೋಪಿ ಸಿಕ್ಕಿ ಎಷ್ಟೋ ದಿನವಾದ ಮೇಲೆ ಆ ಹುಡುಗ ನನಗೆ ಫೋನ್ ಮಾಡಿದ್ದ. ಕೆಲಸದ ಜಾಗದಲ್ಲಿ ತೋರಿಸಲು "ಇವನು ಕಳ್ಳನಲ್ಲ" ಅಂತ ಒಂದು ಪತ್ರ ಬೇಕಂತೆ. ಪೊಲೀಸರಿಂದ ಬರೆಸಿ ಕೊಡಿಸಿದೆ. ಹೋದ ವಾರ ಅದೇ ಫೋಟೊ, ಹೊಸ ಒಕ್ಕಣೆಯ ಜೊತೆ, ನನಗೇ ಫಾರ್ವರ್ಡ್ ಆಗಿ ಬಂತು.